ಕತ್ತಿ ಗೆದ್ದ ನಾಡನ್ನು ಕಡತ ನುಂಗಿತು!

ಗೆಳೆಯರೇ, ಫ್ರಾನ್ಸ್ ಅಂದರೆ ಮೊದಲಿನಿಂದಲೂ ಒಂದೇ ರಾಜ್ಯ, ಒಂದೇ ನುಡಿ ಎಂದು ನಂಬಿದ್ದೀರಾ? ಹಾಗಾದರೆ ನಿಮಗೆ ಯಾರೋ ಅರ್ಧ ಚರಿತ್ರೆ ಓದಿಸಿದ್ದಾರೆ!

ಕ್ರಿ.ಶ. 987ರಲ್ಲಿ ಹ್ಯೂ ಕ್ಯಾಪೆ ಪಟ್ಟಕ್ಕೆ ಬಂದಾಗ ಅವನ ಮಾತು ನಡೆಯುತ್ತಿದ್ದದ್ದು ಪ್ಯಾರಿಸ್, ಆರ್ಲಿಯನ್ಸ್ ಸುತ್ತಮುತ್ತ ಮಾತ್ರ. ನಾರ್ಮಂಡಿಯ ಡ್ಯೂಕ್, ತುಲೂಸಿನ ಕೌಂಟ್ ಹೆಸರಿಗೆ ಸಾಮಂತರು. ತಮ್ಮ ನೆಲದಲ್ಲಿ ತಾವೇ ದೊರೆಗಳು.

ಇಂಥ ಬಡ ರಾಜರ ವಂಶ ಇಡೀ ನಾಡನ್ನು ಹಿಡಿದದ್ದು ಹೇಗೆ? ಯುದ್ಧ ಇತ್ತು, ನಿಜ. ಎರಡನೇ ಫಿಲಿಪ್ 1204ರಲ್ಲಿ ಇಂಗ್ಲೆಂಡಿನ ಜಾನ್ ದೊರೆಯಿಂದ ನಾರ್ಮಂಡಿಯನ್ನು ಕಿತ್ತುಕೊಂಡ. ಆದರೆ ಗೆದ್ದದ್ದನ್ನು ಉಳಿಸಿಕೊಟ್ಟವನು ಬೇಲಿಫ ಎಂಬ ಅಧಿಕಾರಿ. ಸಂಬಳ ರಾಜನದು, ನಿಷ್ಠೆಯೂ ರಾಜನಿಗೇ. ವ್ಯಾಜ್ಯ ತೀರಿಸುವವನೂ ಅವನೇ, ಬೊಕ್ಕಸ ತುಂಬುವವನೂ ಅವನೇ!

ದಕ್ಷಿಣದ ಗತಿ ನೋಡಿ. ಅಲ್ಲಿಯ ನುಡಿ ಆಕ್ಸಿಟನ್. ಟ್ರೂಬಡೂರ್ ಕವಿಗಳು ಹಾಡಿದ ನುಡಿ. 1209ರಲ್ಲಿ ಪೋಪರ ಕರೆಯಂತೆ, ಪಾಷಂಡಿಗಳನ್ನು ಅಡಗಿಸುವ ಹೆಸರಲ್ಲಿ ಉತ್ತರದ ಸೇನೆ ಬಂತು. ಬೆಜಿಯೆ ಪಟ್ಟಣದಲ್ಲಿ ರಕ್ತದ ಹೊಳೆ ಹರಿಯಿತು. 1229ರ ಒಪ್ಪಂದದಲ್ಲಿ ತುಲೂಸ್ ಕೌಂಟನ ಒಬ್ಬಳೇ ಮಗಳನ್ನು ರಾಜನ ತಮ್ಮನಿಗೆ ಗೊತ್ತುಮಾಡಲಾಯಿತು. 1271ರಲ್ಲಿ ಆ ದಂಪತಿ ಮಕ್ಕಳಿಲ್ಲದೆ ತೀರಿಕೊಂಡರು. ತುಲೂಸ್ ರಾಜನ ಪಾಲು! ಧರ್ಮಯುದ್ಧದಿಂದ ಶುರುವಾದದ್ದು ಮದುವೆ ಕರಾರಿನಲ್ಲಿ ಮುಗಿಯಿತು.

‘ರಾಜ ನ್ಯಾಯ ಕೊಟ್ಟನಲ್ಲ?’ ಅನ್ನುತ್ತೀರಿ. ಹೌದು. ಒಂಬತ್ತನೇ ಲೂಯಿ 1247ರಲ್ಲಿ ತನ್ನದೇ ಅಧಿಕಾರಿಗಳ ಮೇಲಿನ ದೂರು ಕೇಳಲು ವಿಚಾರಣೆಗಾರರನ್ನು ಕಳಿಸಿದ. ಒಳ್ಳೆಯ ಕೆಲಸವೇ. ಆದರೆ ನ್ಯಾಯಕ್ಕೆ ರಾಜನ ಬಾಗಿಲನ್ನೇ ತಟ್ಟುವ ಅಭ್ಯಾಸವೂ ಬೆಳೆಯಿತು.

ತೆರಿಗೆಯ ಕತೆಯೂ ಅದೇ. ಇಂಗ್ಲೆಂಡಿನ ಜೊತೆಗಿನ ಯುದ್ಧಕ್ಕೆಂದು ‘ಟಾಯ್’ ಎಂಬ ತೆರಿಗೆ ಎತ್ತಿದರು. ಕುಲೀನರಿಗೆ ಹೆಚ್ಚಿನ ಕಡೆ ವಿನಾಯಿತಿ, ರೈತನ ಬೆನ್ನಿಗೆ ಹೊರೆ. 1453ರಲ್ಲಿ ಯುದ್ಧ ಮುಗಿಯಿತು. ತೆರಿಗೆ ಮುಗಿಯಲಿಲ್ಲ!

ಇಷ್ಟೆಲ್ಲ ಕೈಗೆ ಬಂದ ಮೇಲೆ ನುಡಿಯ ಸರದಿ. 1539ರಲ್ಲಿ ಒಂದನೇ ಫ್ರಾನ್ಸಿಸ್, ನ್ಯಾಯಾಲಯದ ಕಾಗದಪತ್ರವೆಲ್ಲ ಫ್ರೆಂಚಿನಲ್ಲೇ ಇರಲಿ ಎಂದು ಆಜ್ಞೆ ಮಾಡಿದ. ಲ್ಯಾಟಿನ್ ಹೋಯಿತು; ಜೊತೆಗೇ ಆಕ್ಸಿಟನ್ ಕೂಡ ಕಚೇರಿಯಿಂದ ಹೊರಬಿತ್ತು. ಇಂದು ಯುನೆಸ್ಕೋ ಅದರ ಪ್ರಭೇದಗಳನ್ನು ಅಳಿವಿನಂಚಿನ ನುಡಿಗಳ ಸಾಲಿಗೆ ಸೇರಿಸಿದೆ.

ತರುಣರೇ, ಕೋಟೆ ಬಿದ್ದ ದಿನ ಆ ನುಡಿ ಬೀಳಲಿಲ್ಲ. ದೂರು, ತೀರ್ಪು, ಕ್ರಯಪತ್ರ ಯಾವ ನುಡಿಯಲ್ಲಿರಬೇಕೆಂದು ದೂರದ ಅರಮನೆ ತೀರ್ಮಾನಿಸಿದಾಗ ಅದರ ಬೇರಿಗೆ ಕೊಡಲಿ ಬಿತ್ತು. ರಾಜರ ವಿಜಯಗಾಥೆ ಓದಿ ಚಪ್ಪಾಳೆ ತಟ್ಟುವ ಮುನ್ನ ಒಂದು ಪ್ರಶ್ನೆ ಕೇಳಿ: ಕಡತ ಯಾರ ಕೈಯಲ್ಲಿತ್ತು?