ಡಿಬಗ್ಗರ್ ‘ಆಗುವುದಿಲ್ಲ’ ಅಂದರೆ ಸಿಟ್ಟಾಗಬೇಡಿ



ಕಾಸರಗೋಡಿನ ನಮ್ಮ ಹೈಸ್ಕೂಲು ಮಕ್ಕಳಿಗೆ ಐ.ಟಿ. ಪಾಠದಲ್ಲಿ ಪೈಥಾನ್ ಇದೆ. ನೀವು ಬರೆದ ಪ್ರೋಗ್ರಾಂ ತಪ್ಪು ಉತ್ತರ ಕೊಟ್ಟರೆ ತಪ್ಪು ಎಲ್ಲಿದೆ ಅಂತ ಹುಡುಕಬೇಕಲ್ವಾ? ಅದಕ್ಕೆಂದೇ ಪೈಥಾನ್ ಜೊತೆಗೆ ಪಿಡಿಬಿ ಎಂಬ ಡಿಬಗ್ಗರ್ ಬರುತ್ತದೆ. ‘ಬ್ರೇಕ್’ ಎಂದು ಬರೆದು ಪಕ್ಕದಲ್ಲಿ ಸಾಲಿನ ಸಂಖ್ಯೆ ಕೊಟ್ಟರೆ, ಪ್ರೋಗ್ರಾಂ ಆ ಸಾಲಿಗೆ ಬಂದಾಗ ನಿಲ್ಲುತ್ತದೆ. ಆಗ ಚರಗಳ ಬೆಲೆ ಎಷ್ಟಿದೆ ಎಂದು ನೋಡಬಹುದು.

20 ಸಾಲಿನ ಪ್ರೋಗ್ರಾಮಿಗೆ ‘ಬ್ರೇಕ್ 100’ ಅಂದರೆ? ಪಿಡಿಬಿ ‘ಎಂಡ್ ಆಫ್ ಫೈಲ್’ ಎನ್ನುತ್ತದೆ. ಅಂದರೆ, ಅಷ್ಟು ಸಾಲುಗಳೇ ಇಲ್ಲ. ಖಾಲಿ ಸಾಲನ್ನು ತೋರಿಸಿದರೆ ‘ಬ್ಲ್ಯಾಂಕ್ ಆರ್ ಕಮೆಂಟ್’. ಹಾಕಿದ ಬ್ರೇಕ್ ತೆಗೆಯಲು ‘ಕ್ಲಿಯರ್’ ಬರೆದು ಇಲ್ಲದ ಕ್ರಮಸಂಖ್ಯೆ ಕೊಟ್ಟರೆ ‘ಔಟ್ ಆಫ್ ರೇಂಜ್’. ಸಂಖ್ಯೆಯ ಬದಲು ಅಕ್ಷರ ಕೊಟ್ಟರೆ ‘ನಾನ್ ನ್ಯೂಮರಿಕ್’.

ಇಂಗ್ಲಿಷ್ ಕಂಡ ಕೂಡಲೇ ವಿಂಡೋ ಮುಚ್ಚುವವರನ್ನು ಲ್ಯಾಬಿನಲ್ಲಿ ನೋಡಿದ್ದೇನೆ. “ಸರ್, ಇದು ಬೈತಾ ಉಂಟು” ಅಂದವರೂ ಇದ್ದಾರೆ. ನನ್ನ ಅಭಿಪ್ರಾಯ ಬೇರೆ. ಪಿಡಿಬಿ ನಮಗೆ ಮಾಡುವ ದೊಡ್ಡ ಉಪಕಾರ ಇದೇ.

ಯೋಚಿಸಿ ನೋಡಿ. ‘ಬ್ರೇಕ್ 100’ ಅಂದಾಗ ಅದು ಸುಮ್ಮನೆ ಒಪ್ಪಿಕೊಂಡಿದ್ದರೆ? ಪ್ರೋಗ್ರಾಂ ಎಲ್ಲೂ ನಿಲ್ಲದೆ ಮುಗಿಯುತ್ತಿತ್ತು. “ಓ, ಆ ಭಾಗಕ್ಕೆ ಪ್ರೋಗ್ರಾಂ ಹೋಗಲೇ ಇಲ್ಲ” ಎಂದು ನೀವು ತೀರ್ಮಾನಿಸುತ್ತಿದ್ದಿರಿ. ನಿಜವಾದ ತಪ್ಪು ಅಲ್ಲೇ ಉಳಿಯುತ್ತಿತ್ತು. ಸ್ಪ್ರಿಂಗ್ ತ್ರಾಸಿನ ಮುಳ್ಳು ಸೊನ್ನೆಯಲ್ಲಿದೆಯೇ ಎಂದು ನೋಡದೆ ತೂಗಿದ ಹಾಗೆ! ತಪ್ಪು ಹುಡುಕುವ ಸಾಧನವೇ ದಾರಿ ತಪ್ಪಿಸಿದರೆ ಯಾರನ್ನು ನಂಬುವುದು?

ನಿಮ್ಮ ಪ್ರೋಗ್ರಾಮಿಗೂ ಇದೇ ಅಭ್ಯಾಸ ಕಲಿಸಿ. 50ರಲ್ಲಿ ಪಡೆದ ಅಂಕ ಕೇಳುವಾಗ ಯಾರಾದರೂ 500 ಎಂದೋ ‘ಐವತ್ತು’ ಎಂದೋ ಒತ್ತಬಹುದು. ಬಂದದ್ದು ಸಂಖ್ಯೆಯೇ? 0ಯಿಂದ 50ರೊಳಗೆ ಇದೆಯೇ? ಮೊದಲು ಇಷ್ಟು ಪರೀಕ್ಷಿಸಿ, ಆಮೇಲೆ ಲೆಕ್ಕ ಮಾಡಿ. ತಪ್ಪಿದ್ದರೆ ಬರೇ ‘ತಪ್ಪು’ ಅಂದರೆ ಸಾಲದು, ‘ಅಂಕ 50ಕ್ಕಿಂತ ಹೆಚ್ಚಿರಬಾರದು’ ಎಂದು ಕನ್ನಡದಲ್ಲೇ ಬರೆಯಿರಿ. ನಿಮ್ಮ ಪ್ರೋಗ್ರಾಂ ಬಳಸುವ ತಂಗಿ, ತಮ್ಮ ವಿಂಡೋ ಮುಚ್ಚಿ ಓಡುವುದಿಲ್ಲ.

ಒಂದು ಮಾತು ನೆನಪಿರಲಿ. 21ನೇ ಸಾಲು ಬೇಕಾದಲ್ಲಿ 12 ಎಂದು ಒತ್ತಿದರೆ ಪಿಡಿಬಿ ತಡೆಯುವುದಿಲ್ಲ. 12ನೇ ಸಾಲೂ ಇದೆಯಲ್ಲ! ಸಾಲು ಇದೆಯೇ ಎಂದು ಅದು ನೋಡೀತು. ಬೇಕಾದ ಸಾಲು ಅದೇನಾ ಎಂದು ನೋಡಬೇಕಾದವರು ನೀವು.

ಮುಂದಿನ ಲ್ಯಾಬ್ ತರಗತಿಯಲ್ಲಿ ಬೇಕೆಂದೇ ತಪ್ಪು ಸಂಖ್ಯೆ ಕೊಟ್ಟು ನೋಡಿ. ಉತ್ತರವನ್ನು ಪೂರ್ತಿ ಓದಿ, ಆಮೇಲೆ ಬೇಕಾದರೆ ವಿಂಡೋ ಮುಚ್ಚಿ.