ಬಾವಿಗೆ ಪೆಟ್ರೋಲ್ ಸೇರಿದರೆ ಸಾಬೀತು ಯಾರ ಹೊಣೆ?

ಉಡುಪಿ, ಮಣಿಪಾಲ, ಕಾಪು, ಕಾರ್ಕಳಗಳಲ್ಲಿ ನಳ್ಳಿ ನೀರು ಬಂದ ಮೇಲೂ ಕುಡಿಯುವುದಕ್ಕೆ ಬಾವಿ ನೀರೇ ಬೇಕೆನ್ನುವವರು ಕಡಿಮೆಯಿಲ್ಲ. ಇದೇ ಪೇಟೆಗಳಲ್ಲಿ ಮನೆಗಳ ನಡುವೆ ಪೆಟ್ರೋಲ್ ಬಂಕುಗಳಿವೆ; ಅವುಗಳ ಟ್ಯಾಂಕುಗಳಿರುವುದು ನೆಲದಡಿ.

ನಮ್ಮ ಮುರಕಲ್ಲಿನ ನೆಲ ನೀರನ್ನು ಬೇಗ ಹೀರುತ್ತದೆ, ಅಷ್ಟೇ ಬೇಗ ಬಿಟ್ಟುಕೊಡುತ್ತದೆ. ಆಷಾಢದಲ್ಲಿ ಮೇಲೇರಿದ ಬಾವಿ ನೀರು ಮೇ ತಿಂಗಳಲ್ಲಿ ತಳ ಕಾಣಿಸುತ್ತದೆ. ತುಕ್ಕು ಹಿಡಿದ ಟ್ಯಾಂಕಿನಿಂದ ಸೋರಿದ ಪೆಟ್ರೋಲ್ ನೀರಿಗಿಂತ ಹಗುರ. ನೀರಿನೊಡನೆ ಏರಿಳಿಯುತ್ತ ಮಣ್ಣಿಗೆ ಮೆತ್ತಿಕೊಳ್ಳುತ್ತದೆ. ಅದರಲ್ಲಿರುವ ಬೆಂಜೀನ್ ಮಾತ್ರ ನೀರಿನಲ್ಲಿ ಕರಗಿ ಮುಂದೆ ಸಾಗುತ್ತದೆ. ಕ್ಯಾನ್ಸರ್‌ಕಾರಕವಾದ ಈ ವಸ್ತುವಿಗೆ ವಿಶ್ವ ಆರೋಗ್ಯ ಸಂಸ್ಥೆ ಕುಡಿಯುವ ನೀರಿನಲ್ಲಿ ವಿಧಿಸಿರುವ ಮಿತಿ ಲೀಟರಿಗೆ 10 ಮೈಕ್ರೊಗ್ರಾಂ. ನಮ್ಮ ಪೆಟ್ರೋಲಿನಲ್ಲಿ ಶೇ. 1ರವರೆಗೆ ಬೆಂಜೀನ್ ಇರಬಹುದು. ಲೆಕ್ಕ ಹಾಕಿ ನೋಡಿದೆ: ಒಂದು ಲೀಟರ್ ಪೆಟ್ರೋಲಿನಲ್ಲಿರಬಹುದಾದ ಬೆಂಜೀನ್ 8 ಲಕ್ಷ ಲೀಟರಿಗೂ ಮಿಕ್ಕಿದ ನೀರನ್ನು ಆ ಮಿತಿಗೆ ಮುಟ್ಟಿಸಬಲ್ಲದು. ಬಾವಿ ಬತ್ತಿಸಿ ಬ್ಲೀಚಿಂಗ್ ಪುಡಿ ಹಾಕುವ ಮಾಮೂಲಿ ಚಿಕಿತ್ಸೆ ಇಲ್ಲಿ ನಡೆಯದು. ಟ್ಯಾಂಕನ್ನು ತೆಗೆದು, ತೇಲುವ ಎಣ್ಣೆಯನ್ನು ಎತ್ತಿ, ಮಣ್ಣಿನೊಳಗಿನ ಆವಿಯನ್ನು ಹೀರಿ, ನೀರನ್ನು ಪಂಪ್ ಮಾಡಿ ಶುದ್ಧೀಕರಿಸಬೇಕು. ಇದು ವರ್ಷಗಳ ಕೆಲಸ.

ಖರ್ಚು ಯಾರದು? ದೂರು ಕೊಟ್ಟವನಿಂದಲೇ ಪುರಾವೆ ಕೇಳುವುದು ಕಚೇರಿಗಳ ಸಹಜ ಪ್ರವೃತ್ತಿಯೆಂಬುದನ್ನು ಸೇವೆಯಲ್ಲಿದ್ದಷ್ಟು ಕಾಲವೂ ಕಂಡವನು ನಾನು. ದಾಸ್ತಾನಿನ ಲೆಕ್ಕವೆಲ್ಲ ಬಂಕಿನಲ್ಲಿ, ಪುರಾವೆಯ ಭಾರ ಪಕ್ಕದ ಮನೆಯವನ ಮೇಲೆ! ಅರ್ಥಶಾಸ್ತ್ರ ಇದನ್ನು ಬಾಹ್ಯ ವೆಚ್ಚವೆನ್ನುತ್ತದೆ. ಅಮೆರಿಕ 1986ರಲ್ಲಿ ವಾಹನ ಇಂಧನದ ಮೇಲೆ ಗ್ಯಾಲನ್ನಿಗೆ ಸೆಂಟಿನ ಹತ್ತನೇ ಒಂದು ಪಾಲು ತೆರಿಗೆ ಹಾಕಿ ಶುದ್ಧೀಕರಣ ನಿಧಿಯನ್ನು ಕಟ್ಟಿತು. ಅಲ್ಲಿ ಈವರೆಗೆ ದೃಢಪಟ್ಟ ಸೋರಿಕೆಗಳು 5 ಲಕ್ಷಕ್ಕೂ ಅಧಿಕ.

ಕಾಪು ತಾಲೂಕಿನ ಪಾದೂರಿನಲ್ಲಿ 25 ಲಕ್ಷ ಟನ್ ಕಚ್ಚಾತೈಲ ಹಿಡಿಸುವ ಬಂಡೆಗವಿಗಳಿವೆ. ಎಣ್ಣೆ ಹೊರಹೋಗದಂತೆ ಅಲ್ಲಿ ಸುತ್ತಲಿನ ಭೂಜಲದ ಒತ್ತಡವನ್ನೇ ಕಾವಲಿಗಿಟ್ಟಿದ್ದಾರೆ. ಪೇಟೆಯ ಹಳೆಯ ಬಂಕಿಗೆ ಅಂಥ ಕಾವಲೆಲ್ಲಿ? ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಗಮನವೆಲ್ಲ ಮುಖ್ಯವಾಗಿ ಹೊಸ ಬಂಕುಗಳ ಮೇಲೆ.

2025ರ ಜುಲೈಯಲ್ಲಿ ಬಂದ ಕಲುಷಿತ ತಾಣಗಳ ನಿರ್ವಹಣಾ ನಿಯಮಗಳು ಒಂದು ದಾರಿ ತೆರೆದಿವೆ. ಶಂಕಿತ ತಾಣಗಳ ಬಗ್ಗೆ ಆರು ತಿಂಗಳಿಗೊಮ್ಮೆ ವರದಿ ಸಲ್ಲಿಸುವ ಹೊಣೆ ಜಿಲ್ಲಾಡಳಿತದ್ದು. ಶುದ್ಧೀಕರಣದ ವೆಚ್ಚ ಮಾಲಿನ್ಯ ಮಾಡಿದವನದು. ಸಣ್ಣ ಡೀಲರುಗಳಿಗೆ ಹೊರೆಯೆಂಬ ಆಕ್ಷೇಪ ಏಳಬಹುದು. ಆದರೆ ಟ್ಯಾಂಕುಗಳು ಸಾಮಾನ್ಯವಾಗಿ ತೈಲ ಕಂಪನಿಗಳ ಸ್ವತ್ತು, ಹೊರುವ ಶಕ್ತಿ ಅವುಗಳಿಗಿದೆ. ಉಡುಪಿ ಜಿಲ್ಲಾಡಳಿತವು ಹಳೆಯ ಬಂಕುಗಳ ಸುತ್ತಲಿನ ಬಾವಿಗಳನ್ನು ಏಪ್ರಿಲಿನಲ್ಲೊಮ್ಮೆ, ಮಳೆ ಇಳಿದ ಮೇಲೊಮ್ಮೆ ಬೆಂಜೀನಿಗಾಗಿ ಪರೀಕ್ಷಿಸಿ, ಫಲಿತಾಂಶವನ್ನು ನಗರಸಭೆ, ಪುರಸಭೆಗಳ ಸೂಚನಾ ಫಲಕದಲ್ಲಿ ಹಾಕಲಿ. ಆಗ ಬಾವಿಯ ಒಡೆಯ ಪ್ರಯೋಗಾಲಯಗಳನ್ನು ಹುಡುಕಿಕೊಂಡು ಅಲೆಯಬೇಕಾಗದು.