ಶುಗರ್ ಮೀಟರು ಎಣಿಸುವುದು ಏನನ್ನು?

ಮಕ್ಕಳೇ, ಅಜ್ಜನೋ ಅಜ್ಜಿಯೋ ಬೆರಳು ಚುಚ್ಚಿಕೊಂಡು ಒಂದು ತೊಟ್ಟು ರಕ್ತವನ್ನು ಪಟ್ಟಿಗೆ ತಾಗಿಸುವುದನ್ನು ನೋಡಿರುತ್ತೀರಿ. ಐದಾರು ಸೆಕೆಂಡಿನಲ್ಲಿ ‘142’ ಎಂದು ಬರುತ್ತದೆ. 100 ಮಿಲಿಲೀಟರಿಗೆ 142 ಮಿಲಿಗ್ರಾಂ ಗ್ಲೂಕೋಸ್ ಎಂದು ಅದರ ಅರ್ಥ. 100 ಇದ್ದರೆ ಲೀಟರಿಗೆ ಒಂದು ಗ್ರಾಂ ಆಯಿತು. ದೊಡ್ಡವರ ಮೈಯ ಸುಮಾರು ಐದು ಲೀಟರ್ ರಕ್ತಕ್ಕೆ ಐದು ಗ್ರಾಂ, ಒಂದು ಟೀ ಚಮಚದಷ್ಟು! ಇಷ್ಟಕ್ಕಾಗಿಯೇ ಮನೆಗಳಲ್ಲಿ ಮೈಸೂರುಪಾಕಿನ ಡಬ್ಬಿ ಬಚ್ಚಿಡುವುದು.

ಇದನ್ನು ಎಲೆಕ್ಟ್ರಾನಿಕ್ಸ್ ಪ್ರಾಜೆಕ್ಟ್ ಮಾಡಲು ಹೊರಟವರು ಮೊದಲು ತಿಳಿಯಬೇಕಾದದ್ದು, ಮೀಟರಿಗೆ ಸಿಹಿ ಗೊತ್ತೇ ಇಲ್ಲ, ಅದಕ್ಕೆ ಗೊತ್ತಿರುವುದು ಕರೆಂಟು. ಪಟ್ಟಿಯ ತುದಿಯಲ್ಲಿ ಗ್ಲೂಕೋಸ್ ಆಕ್ಸಿಡೇಸ್‌ನಂಥ ಒಂದು ಕಿಣ್ವವಿರುತ್ತದೆ. ಅದು ಪ್ರತಿ ಗ್ಲೂಕೋಸ್ ಕಣದಿಂದ ಎರಡು ಎಲೆಕ್ಟ್ರಾನ್ ಕಿತ್ತು ಒಬ್ಬ ಮಧ್ಯವರ್ತಿಯ ಕೈಗೆ ಕೊಡುತ್ತದೆ, ಆತ ತಂತಿಗೆ ಮುಟ್ಟಿಸುತ್ತಾನೆ. ಹಿಂದೆ ಬ್ಯಾಂಕಿನಲ್ಲಿ ಚೆಕ್ ಕೊಟ್ಟವರಿಗೆ ನಾವು ಹಿತ್ತಾಳೆ ಟೋಕನ್ ಕೊಡುತ್ತಿದ್ದೆವಲ್ಲ, ಹಾಗೆ. ತಲೆ ಎಣಿಸುವುದು ಬೇಡ, ಟೋಕನ್ ಎಣಿಸಿದರೆ ಸಾಕು. 1962ರಲ್ಲಿ ಅಮೆರಿಕದ ಲೀಲ್ಯಾಂಡ್ ಕ್ಲಾರ್ಕ್ ಈ ದಾರಿ ತೋರಿಸಿದಾಗ ಮಧ್ಯವರ್ತಿ ಇರಲಿಲ್ಲ. ಕಿಣ್ವ ಎಷ್ಟು ಆಮ್ಲಜನಕ ಖರ್ಚು ಮಾಡಿತು ಎಂಬುದರ ಮೇಲೆ ಲೆಕ್ಕ.

ಬರುವ ಕರೆಂಟು ಕೆಲವೇ ಮೈಕ್ರೋಆಂಪ್. ಆರ್ಡುಯಿನೋ ಅದನ್ನು ನೇರ ಓದಲಾರದು, ಅದಕ್ಕೆ ವೋಲ್ಟೇಜ್ ಬೇಕು. ಆಪ್-ಆಂಪ್ ಜೊತೆ 100 ಕಿಲೋಓಮ್ ರೆಸಿಸ್ಟರ್ ಹಾಕಿದರೆ 1 ಮೈಕ್ರೋಆಂಪ್ 0.1 ವೋಲ್ಟ್ ಆಗುತ್ತದೆ. ಆರ್ಡುಯಿನೋ ಊನೋ 5 ವೋಲ್ಟನ್ನು 1024 ಮೆಟ್ಟಿಲು ಮಾಡುವುದರಿಂದ, ನಿಮಗೆ ಸಿಗುವುದು ಸುಮಾರು 20 ಮೆಟ್ಟಿಲು ಮಾತ್ರ. ಹಾಗೆಂದು 1 ಮೆಗಾಓಮ್ ಹಾಕಿದರೆ 5 ಮೈಕ್ರೋಆಂಪಿಗೇ ಏಣಿ ಮುಗಿದುಹೋಗುತ್ತದೆ. ಅತಿ ಹೆಚ್ಚು ಕರೆಂಟು ಎಷ್ಟು ಬರಬಹುದೆಂದು ನೋಡಿಯೇ ರೆಸಿಸ್ಟರ್ ಆರಿಸಿ.

ಇನ್ನೊಂದು ತಮಾಷೆ. ಹನಿ ಬಿದ್ದ ಕೂಡಲೇ ಕರೆಂಟು ಜಿಗಿದು, ಆಮೇಲೆ ಇಳಿಯುತ್ತ ಹೋಗುತ್ತದೆ. ಒಮ್ಮೆ ಮೂರನೇ ಸೆಕೆಂಡಿಗೆ, ಇನ್ನೊಮ್ಮೆ ಎಂಟನೆಯದಕ್ಕೆ ಓದಿದರೆ ಒಂದೇ ದ್ರಾವಣಕ್ಕೆ ಎರಡು ಉತ್ತರ. ಐದು ಎಂದರೆ ಪ್ರತಿ ಸಲವೂ ಐದೇ.

ಪರೀಕ್ಷೆಗೆ ರಕ್ತ ಬೇಡವೇ ಬೇಡ. ಒಬ್ಬರು ಚುಚ್ಚಿಕೊಂಡ ಸೂಜಿ ಇನ್ನೊಬ್ಬರಿಗೆ ಸೋಂಕು ತರಬಹುದು. ಲೀಟರ್ ನೀರಿಗೆ 1, 2, 3 ಗ್ರಾಂ ಗ್ಲೂಕೋಸ್ ಪುಡಿ ಹಾಕಿ ಮೂರು ಬಾಟಲಿ ಮಾಡಿ, ಚಿಟಿಕೆ ಉಪ್ಪು ಸೇರಿಸಿ. ಹಿಂದಿನ ರಾತ್ರಿಯೇ ಕಲಸಿಡಿ. ಗ್ಲೂಕೋಸಿಗೆ ಎರಡು ರೂಪ, ಗ್ಲೂಕೋಸ್ ಆಕ್ಸಿಡೇಸ್ ಹಿಡಿಯುವುದು ಒಂದನ್ನೇ, ಎರಡರ ಪಾಲು ಒಂದು ಹದಕ್ಕೆ ಬರಲು ಕೆಲವು ಗಂಟೆ ಬೇಕು. ಅಡುಗೆಮನೆಯ ಸಕ್ಕರೆ ನಡೆಯದು, ಕಿಣ್ವ ಅದನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಬೇಕಾದರೆ ಅದನ್ನೂ ಮಾಡಿ ತೋರಿಸಿ, ಟೀಚರಿಗೆ ಖುಷಿಯಾದೀತು.

ಹಿರಿಯರೇ, ಈ ಮಾತು ನಿಮಗೆ. ಮೊಮ್ಮಗ ಮಾಡಿದ ಯಂತ್ರ ಎಂಬ ಅಕ್ಕರೆಯಿಂದ ಅದರ ಅಂಕಿ ನೋಡಿ ಇನ್ಸುಲಿನ್ ಹೆಚ್ಚು ಕಡಿಮೆ ಮಾಡಬೇಡಿ. ಅಂಗಡಿಯ ಮೀಟರಿಗೇ ಅಂತರರಾಷ್ಟ್ರೀಯ ನಿಯಮ ಶೇಕಡಾ 15ರಷ್ಟು ಆಚೀಚೆ ಬಿಟ್ಟಿದೆ. ನಿಜವಾಗಿ 200 ಇದ್ದರೆ 170 ತೋರಿಸಿದರೂ 230 ತೋರಿಸಿದರೂ ಸರಿಯೇ. ಮನೆಯ ಯಂತ್ರ 90ನ್ನು 250 ಎಂದರೆ, ಅದನ್ನು ನಂಬಿ ಚುಚ್ಚಿಕೊಂಡ ಇನ್ಸುಲಿನ್ ಸಕ್ಕರೆಯನ್ನು 70ಕ್ಕಿಂತ ಕೆಳಗೆಳೆದು ಬೆವರು, ನಡುಕ ತರುತ್ತದೆ, ಪ್ರಜ್ಞೆ ತಪ್ಪಿಸಲೂಬಹುದು. ಮಕ್ಕಳೇ, ಯಂತ್ರದ ಡಬ್ಬಿಯ ಮೇಲೆ ‘ದ್ರಾವಣಕ್ಕೆ ಮಾತ್ರ’ ಎಂದು ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿಬಿಡಿ.